ಮುಖ್ಯಸ್ಥರ ಹುದ್ದೆಗೆ ನಾನು ಅರ್ಜಿ ಹಾಕಿದ್ದು

ನಾನು ಮಣ್ಣು ವಿಜ್ಞಾನಿ. ಮನೆ ರಾಯಚೂರಿನಲ್ಲಿ. ಕೆಲಸ ಇದೇ ಭಾಗದ ಒಂದು ಸಂಶೋಧನಾ ಕೇಂದ್ರದಲ್ಲಿ. ಅದರ ಹೆಸರು ಇಲ್ಲಿ ಬೇಡ. ಬೇರೆ ಊರುಗಳಲ್ಲಿ ಪ್ರಯೋಗಾಲಯ, ಕಾಲೇಜು, ಆಸ್ಪತ್ರೆಗಳಲ್ಲಿರುವ ಗೆಳತಿಯರ ಜತೆ ಮಾತಾಡಿದರೆ ಹೆಚ್ಚುಕಡಿಮೆ ಇದೇ ಕಥೆ ಕೇಳಿಸುತ್ತದೆ. ಹಾಗಾಗಿ ಇದು ಒಂದು ಕಚೇರಿಯ ಮೇಲಿನ ದೂರು ಅಲ್ಲ.

ನಾನು ನೋಡುವುದು ಸವಳು ಭೂಮಿ, ಅಂದರೆ ಉಪ್ಪು, ಕ್ಷಾರ ಹೆಚ್ಚಾಗಿ ಕೆಟ್ಟ ಜಮೀನು. ತುಂಗಭದ್ರಾ ಎಡದಂಡೆ ಕಾಲುವೆ ಬಂದಾಗ ಇಲ್ಲಿ ಹೆಚ್ಚಿನ ಜಮೀನಿಗೆ ಕಡಿಮೆ ನೀರಿನ ಬೆಳೆ ಅಂತ ಲೆಕ್ಕ ಹಾಕಿದ್ದರು. ಜೋಳ, ಹತ್ತಿ, ಶೇಂಗಾ, ಹೀಗೆ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಎಲ್ಲಿ ನೋಡಿದರೂ ಭತ್ತ ಬಂತು. ನಮ್ಮದು ಕಪ್ಪು ಮಣ್ಣು, ನೀರು ಬೇಗ ಬಸಿಯುವುದಿಲ್ಲ. ನಿಂತ ನೀರಿನಿಂದ ನೆಲದಡಿಯ ನೀರು ಮೇಲೆ ಬಂತು, ಜತೆಗೆ ಉಪ್ಪನ್ನೂ ತಂದಿತು. ಬೇಸಿಗೆಯಲ್ಲಿ ಸಿಂಧನೂರು ಕಡೆ ಹೋದರೆ ಕೆಲವು ಹೊಲಗಳ ಮೇಲೆ ಬೆಳ್ಳಗೆ ಉಪ್ಪಿನ ಪದರ ಕಾಣುತ್ತದೆ. ಇದಕ್ಕೆ ಪರಿಹಾರ ಇಲ್ಲ ಅಂತಲ್ಲ. ನೆಲದೊಳಗೆ ತೂತಿನ ಪೈಪು ಹೂತು ಉಪ್ಪುನೀರು ಬಸಿದು ಹೋಗುವ ಹಾಗೆ ಮಾಡಬಹುದು. ಕ್ಷಾರ ಹೆಚ್ಚಿರುವ ಕಡೆ ಜಿಪ್ಸಂ ಹಾಕಬಹುದು. ಡಯಂಚ ಎಂಬ ಹಸಿರು ಗೊಬ್ಬರದ ಗಿಡ ಬೆಳೆದು ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಬಹುದು.

ಆದರೆ ಇದನ್ನು ಯಾರ ಹೊಲದಲ್ಲಿ ಮಾಡಿ ತೋರಿಸಬೇಕು? ಆ ತೀರ್ಮಾನ ಕೇಂದ್ರದ ಮುಖ್ಯಸ್ಥರದು. ನಾನು ನೋಡಿದ ಹಾಗೆ ಪ್ರಾತ್ಯಕ್ಷಿಕೆಗಳು ಯಾವಾಗಲೂ ರಸ್ತೆ ಪಕ್ಕದ ದೊಡ್ಡ ಹೊಲಗಳಿಗೇ ಹೋಗುತ್ತಿದ್ದವು. ಜೀಪು ನಿಲ್ಲಿಸಲು ಸುಲಭ, ಫಲಕ ಹಾಕಿದರೆ ಬಂದವರಿಗೆಲ್ಲ ಕಾಣುತ್ತದೆ. ಎರಡು ಎಕರೆ, ಮೂರು ಎಕರೆಯವರ ಹೊಲ ಒಳಗೆಲ್ಲೋ ಇರುತ್ತದೆ. ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ನಾನು ಸಭೆಯಲ್ಲಿ ಹೇಳಿದೆ, ಟಿಪ್ಪಣಿ ಬರೆದು ಕೊಟ್ಟೆ. "ಒಳ್ಳೆ ಸಲಹೆ ಮೇಡಂ" ಅಂದರು. ಮುಂದಿನ ವರ್ಷವೂ ಪಟ್ಟಿಯಲ್ಲಿ ಅದೇ ಹೊಲಗಳು.

ಆಗ ನನಗೆ ಆ ಕುರ್ಚಿ ಬೇಕು ಅನಿಸಿತು. ಇದನ್ನು ನೇರವಾಗಿಯೇ ಹೇಳುತ್ತೇನೆ. "ಹೆಣ್ಣುಮಕ್ಕಳಿಗೆ ವಿಜ್ಞಾನ ಬೇಕು, ಅಧಿಕಾರ ಬೇಕಾಗಿಲ್ಲ" ಅಂತ ಹೊಗಳಿಕೆಯ ದನಿಯಲ್ಲಿ ಹೇಳುವವರನ್ನು ನಾನು ಬಹಳ ಕಂಡಿದ್ದೇನೆ. ನನಗೆ ಅಧಿಕಾರ ಬೇಕಿತ್ತು. ಯಾವ ಹೊಲಕ್ಕೆ ಪೈಪು ಹೋಗಬೇಕು ಅಂತ ನಿರ್ಧರಿಸುವ ಅಧಿಕಾರ.

ಮನೆಯಲ್ಲಿ ಹೇಳಿದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಹೆಡ್ ಆದ್ರ ಪಗಾರ ಜಾಸ್ತಿ ಬರತೈತೇನವಾ?"

"ಹೆಚ್ಚೇನೂ ಇಲ್ರೀ ಅತ್ತಿ."

"ಮತ್ಯಾಕ ಬೇಕು?"

ಹೊಲದ ಕಥೆ ಹೇಳಿದೆ. ಅವರು ಮಾನ್ವಿ ಕಡೆಯವರು, ಕಾಲುವೆಯ ಕೊನೆಯ ಭಾಗದವರು. ನೀರು ಬಾರದೆ ಒಣಗಿದ ಬೆಳೆ ನೋಡಿದವರು. ಸ್ವಲ್ಪ ಹೊತ್ತು ಬಿಟ್ಟು, "ಹಂಗಾದ್ರ ಹಾಕು" ಅಂದರು. ಆಮೇಲೆ ಸಂದರ್ಶನ ಮಂಡಳಿಯಲ್ಲಿ ನನ್ನನ್ನು "ಯಾಕೆ ಬೇಕು" ಅಂತ ಒಬ್ಬರೂ ಕೇಳಲಿಲ್ಲ. ಅತ್ತೆ ಕೇಳಿದ್ದೇ ಸರಿಯಾದ ಪ್ರಶ್ನೆ ಅಂತ ನನಗೆ ಈಗಲೂ ಅನಿಸುತ್ತದೆ.

ಇನ್ನು ಅರ್ಜಿಯ ವಿಷಯಕ್ಕೆ ಬರುತ್ತೇನೆ. ಹೆಚ್ಚು ಹೇಳಬೇಕಾಗಿರುವುದು ಅದರ ಬಗ್ಗೆಯೇ.

ಇಂಥ ಹುದ್ದೆಗಳಿಗೆ ಸ್ಕೋರ್ ಕಾರ್ಡ್ ಇರುತ್ತದೆ. ಪ್ರಕಟವಾದ ಸಂಶೋಧನಾ ಲೇಖನಗಳಿಗೆ ಇಷ್ಟು ಅಂಕ. ಪ್ರಧಾನ ಸಂಶೋಧಕರಾಗಿ ನಡೆಸಿದ ಯೋಜನೆಗೆ ಇಷ್ಟು, ಸಹ ಸಂಶೋಧಕರಾಗಿದ್ದರೆ ಅದಕ್ಕಿಂತ ಕಡಿಮೆ. ಆಡಳಿತದ ಜವಾಬ್ದಾರಿಗೆ ಇಷ್ಟು. ಎಲ್ಲದಕ್ಕೂ ಆದೇಶದ ಪ್ರತಿ ಲಗತ್ತಿಸಬೇಕು. ಆದೇಶ ಇಲ್ಲದ ಕೆಲಸಕ್ಕೆ ಅಂಕ ಇಲ್ಲ.

ಲೇಖನಗಳ ಪುಟ ಬೇಗ ತುಂಬಿತು. ಯೋಜನೆಗಳ ಪುಟಕ್ಕೆ ಬಂದಾಗ ಹಳೆಯ ವಿಷಯವೊಂದು ನೆನಪಾಯಿತು. ಉಪ್ಪಿನ ನಕ್ಷೆ ತಯಾರಿಸುವ ಒಂದು ಯೋಜನೆಯ ಪ್ರಸ್ತಾವನೆ ಪೂರ್ತಿ ನಾನೇ ಬರೆದಿದ್ದೆ. ಮಂಜೂರಾದಾಗ ಪ್ರಧಾನ ಸಂಶೋಧಕರ ಜಾಗದಲ್ಲಿ ಬೇರೆ ಹೆಸರಿತ್ತು. ಕಾರಣ ಕೇಳಿದೆ. "ದೆಹಲಿಗೆ ಹೋಗಿ ಮಂಡಿಸಬೇಕಾಗುತ್ತದೆ, ನಿಮ್ಮ ಮಗು ಸಣ್ಣದು, ತೊಂದರೆ ಕೊಡೋದು ಬೇಡ ಅಂತ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಕಾಳಜಿಯಿಂದಲೇ ಹೇಳಿದ್ದು. ಆದರೆ ಹೋಗುತ್ತೀರಾ ಅಂತ ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಹೋಗುತ್ತಿದ್ದೆ. ನಮ್ಮ ಅವ್ವ ಮಗುವನ್ನು ನೋಡಿಕೊಳ್ಳಲು ತಯಾರಾಗಿಯೇ ಇದ್ದಳು. ಆ ಕಾಳಜಿ ವರ್ಷಗಳ ನಂತರ ಅರ್ಜಿಯಲ್ಲಿ ಕಡಿಮೆ ಅಂಕವಾಗಿ ಕಾಣಿಸಿತು.

ಆಡಳಿತದ ಪುಟ ಇನ್ನೂ ಕಷ್ಟದ್ದು. ನಾನು ಕೆಲಸ ಮಾಡಿದ್ದು ಕಡಿಮೆಯೇನಲ್ಲ. ಪ್ರತಿ ಕೃಷಿ ಮೇಳದಲ್ಲಿ ಸ್ವಾಗತ ಸಮಿತಿಯಲ್ಲಿ ಇರುತ್ತಿದ್ದೆ. ಹಾರ, ಶಾಲು, ನೆನಪಿನ ಕಾಣಿಕೆ ತರುವುದು, ಕಾರ್ಯಕ್ರಮದ ನಿರೂಪಣೆ, ಸಭೆಗಳ ನಡಾವಳಿ ಬರೆಯುವುದು, ವಾರ್ಷಿಕ ವರದಿಯ ಕನ್ನಡ ತಿದ್ದುವುದು, ತರಬೇತಿಗೆ ಬಂದ ಹೆಣ್ಣುಮಕ್ಕಳ ವಸತಿ, ಮಾರ್ಚ್ 8ರ ಕಾರ್ಯಕ್ರಮ, ಎಲ್ಲ ನನ್ನ ಪಾಲಿಗೆ ಬರುತ್ತಿದ್ದವು. ಇವುಗಳಿಗೆ ಆದೇಶದ ಪ್ರತಿ ಇರುವುದಿಲ್ಲ. "ಮೇಡಂ, ಇದೊಂದು ನೀವೇ ನೋಡ್ಕೊಳ್ಳಿ, ನೀವು ಮಾಡಿದ್ರೆ ಅಚ್ಚುಕಟ್ಟು" ಅಂದಷ್ಟೇ ಮಾತು.

ನನ್ನ ಜತೆಯಲ್ಲೇ ಕೆಲಸಕ್ಕೆ ಸೇರಿದ ಸಹೋದ್ಯೋಗಿಯೊಬ್ಬರಿದ್ದಾರೆ. ಒಳ್ಳೆಯ ಮನುಷ್ಯ, ಈಗಲೂ ಗೆಳೆಯರು. ಅವರಿಗೆ ಬಂದಿದ್ದು ಫಾರ್ಮ್ ಉಸ್ತುವಾರಿ, ಖರೀದಿ ಸಮಿತಿ, ವಾಹನಗಳು, ಕಟ್ಟಡ ದುರಸ್ತಿ. ಎಲ್ಲದಕ್ಕೂ ಆದೇಶವಿದೆ, ಎಲ್ಲದಕ್ಕೂ ಅಂಕವಿದೆ. ಅವರು ಅದನ್ನು ಕೇಳಿ ಪಡೆದದ್ದಲ್ಲ. ನಾನೂ ನನ್ನದನ್ನು ಕೇಳಿ ಪಡೆದದ್ದಲ್ಲ. ಯಾರು ಯಾವುದಕ್ಕೆ ಸರಿ ಅಂತ ಎಲ್ಲರ ತಲೆಯಲ್ಲೂ ಮೊದಲೇ ಒಂದು ಚಿತ್ರ ಇತ್ತು. ಹತ್ತಾರು ವರ್ಷ ಆ ಚಿತ್ರದ ಪ್ರಕಾರ ಕೆಲಸ ಹಂಚಿ, ಕೊನೆಗೆ ಅರ್ಜಿ ನೋಡಿ "ಇವರಿಗೆ ಆಡಳಿತದ ಅನುಭವ ಕಮ್ಮಿ" ಅಂದರೆ ಏನು ಹೇಳುವುದು?

ಆ ದಿನಗಳಲ್ಲಿ ನಾನು ಈ ವಿಷಯದ ಬಗ್ಗೆ ಹುಡುಕಿ ಓದತೊಡಗಿದೆ. 2017ರಲ್ಲಿ ಅಮೆರಿಕದ ಲಿಂಡಾ ಬ್ಯಾಬ್‌ಕಾಕ್, ಲೀಸೆ ವೆಸ್ಟರ್‌ಲುಂಡ್ ಮತ್ತು ಅವರ ಜತೆಗಾರರು ಪ್ರಕಟಿಸಿದ ಅಧ್ಯಯನವೊಂದು ಸಿಕ್ಕಿತು. ಅಪರಿಚಿತರನ್ನು ಮೂವರ ಗುಂಪು ಮಾಡಿ ಕೂರಿಸುತ್ತಾರೆ. ಎರಡು ನಿಮಿಷದೊಳಗೆ ಮೂವರಲ್ಲಿ ಯಾರಾದರೂ ಒಬ್ಬರು ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಬೇಕು. ಒತ್ತಿದರೆ ಮೂವರಿಗೂ ಲಾಭ, ಆದರೆ ಒತ್ತಿದವರಿಗೆ ಉಳಿದಿಬ್ಬರಿಗಿಂತ ಕಡಿಮೆ ದುಡ್ಡು. ಗಂಡಸರು ಹೆಂಗಸರು ಬೆರೆತ ಗುಂಪುಗಳಲ್ಲಿ ಹೆಂಗಸರೇ ಜಾಸ್ತಿ ಒತ್ತಿದರು. ಬರೀ ಗಂಡಸರ ಗುಂಪು ಮಾಡಿದಾಗ? ಅವರೂ ಬರೀ ಹೆಂಗಸರ ಗುಂಪಿನಷ್ಟೇ ಒತ್ತಿದರು. ಅಂದರೆ ಹೆಂಗಸರಿಗೆ ಇಂಥ ಕೆಲಸ ಹುಟ್ಟಿನಿಂದಲೇ ಇಷ್ಟ ಅಂತಲ್ಲ. ಹೆಂಗಸು ಪಕ್ಕದಲ್ಲಿದ್ದರೆ ಅವಳೇ ಮಾಡುತ್ತಾಳೆ ಅಂತ ಎಲ್ಲರೂ ಕಾಯುತ್ತಾರೆ, ಅವಳಿಗೂ ಅದು ಗೊತ್ತಿರುತ್ತದೆ. ಮತ್ತೊಂದು ಸುತ್ತಿನಲ್ಲಿ, ಯಾರಾದರೂ ಒಬ್ಬರನ್ನು ಕೇಳಿ ಅಂತ ಹೊರಗಿನವರಿಗೆ ಹೇಳಿದಾಗ, ಅವರು ಕೇಳಿದ್ದೂ ಹೆಚ್ಚಾಗಿ ಹೆಂಗಸರನ್ನೇ. ಕೇಳಿದವರಲ್ಲಿ ಗಂಡಸರೂ ಇದ್ದರು, ಹೆಂಗಸರೂ ಇದ್ದರು.

ನಮ್ಮ ಕಚೇರಿಯ ಹಾರ ತುರಾಯಿ ಲೆಕ್ಕವನ್ನು ಅಮೆರಿಕದಲ್ಲಿ ಯಾರೋ ಮಾಡಿಟ್ಟಿದ್ದಾರೆ ಅನಿಸಿತು. ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಅರ್ಜಿ ಹಾಕಿದೆ. ಸಂದರ್ಶನಕ್ಕೆ ಕರೆ ಬಂತು. ಮಂಡಳಿಯಲ್ಲಿ ಒಬ್ಬರು ಮಹಿಳೆ, ಉಳಿದವರು ಪುರುಷರು. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು.

"ಫಾರ್ಮ್‌ನಲ್ಲಿ ಕೂಲಿಯವರು ಹೆಚ್ಚಿನವರು ಗಂಡಸರು. ನಿಮ್ಮ ಮಾತು ಕೇಳ್ತಾರಾ?"

"ರಾತ್ರಿ ಕಾಲುವೆ ನೀರಿನ ಸರದಿ ಬಂದರೆ ಏನು ಮಾಡ್ತೀರಿ?"

"ನಿಮ್ಮ ಯಜಮಾನರು ಬಳ್ಳಾರಿಯಲ್ಲಿ ಬ್ಯಾಂಕಿನಲ್ಲಿದ್ದಾರೆ ಅಲ್ವಾ? ಮಕ್ಕಳನ್ನು ಯಾರು ನೋಡ್ಕೋತಾರೆ?"

ಕೊನೆಯ ಪ್ರಶ್ನೆ ಕೇಳಿದ್ದು ಆ ಮಹಿಳೆ. ಎಲ್ಲದಕ್ಕೂ ಉತ್ತರ ಕೊಟ್ಟೆ. ಸವಳು ಭೂಮಿಗೆ ನನ್ನ ಐದು ವರ್ಷದ ಯೋಜನೆ ಬರೆದುಕೊಂಡು ಹೋಗಿದ್ದೆ. ಅದನ್ನು ಬಿಡಿಸಿ ಹೇಳುವಷ್ಟು ಹೊತ್ತು ಉಳಿಯಲಿಲ್ಲ. ನನ್ನ ಆ ಗೆಳೆಯರೂ ಸಂದರ್ಶನಕ್ಕೆ ಬಂದಿದ್ದರು. ಅವರನ್ನು ಏನು ಕೇಳಿದರು ಅಂತ ಆಮೇಲೆ ವಿಚಾರಿಸಿದೆ. ಕೇಂದ್ರವನ್ನು ಮುಂದೆ ಹೇಗೆ ಬೆಳೆಸುತ್ತೀರಿ, ಬೀಜ ಮಾರಾಟ ಹೇಗೆ ಹೆಚ್ಚಿಸುತ್ತೀರಿ, ಹೊಸ ಯೋಜನೆಗೆ ಹಣ ಎಲ್ಲಿಂದ ತರುತ್ತೀರಿ ಅಂತ ಕೇಳಿದ್ದರಂತೆ. ಅವರ ಹೆಂಡತಿಯೂ ಕೆಲಸದಲ್ಲಿದ್ದಾರೆ, ಅವರಿಗೂ ಇಬ್ಬರು ಮಕ್ಕಳು.

ಆಯ್ಕೆಯಾದದ್ದು ಅವರೇ. ಸ್ಕೋರ್ ಕಾರ್ಡ್ ಪ್ರಕಾರ ಅದು ನ್ಯಾಯವೇ. ಕಾರ್ಡ್ ತುಂಬಿದ ರೀತಿ ಮಾತ್ರ ನ್ಯಾಯವಾಗಿರಲಿಲ್ಲ.

ಆ ಮಹಿಳೆ ಹಾಗೆ ಕೇಳಿದರಲ್ಲ, ಅದು ಬಹಳ ದಿನ ಮನಸ್ಸಿನಲ್ಲಿ ಉಳಿಯಿತು. ಆದರೆ ಅವರ ಮೇಲೆ ಸಿಟ್ಟು ಉಳಿಯಲಿಲ್ಲ. ವರ್ಜೀನಿಯಾ ಶೈನ್ ಎಂಬ ಮನಶ್ಶಾಸ್ತ್ರಜ್ಞೆ 1973ರಲ್ಲಿ ಪುರುಷ ಮ್ಯಾನೇಜರುಗಳನ್ನು ಕೇಳಿ, ಒಳ್ಳೆಯ ಮ್ಯಾನೇಜರ್ ಅಂದರೆ ಅವರ ಮನಸ್ಸಿಗೆ ಬರುವ ಗುಣಗಳು ಗಂಡಸಿನ ಗುಣಗಳೇ ಅಂತ ತೋರಿಸಿದರು. 1975ರಲ್ಲಿ ಮಹಿಳಾ ಮ್ಯಾನೇಜರುಗಳನ್ನು ಕೇಳಿದಾಗಲೂ ಬಂದದ್ದು ಹೆಚ್ಚುಕಡಿಮೆ ಅದೇ ಚಿತ್ರ. ವಿಜ್ಞಾನಿಗಳಾದರೂ ಬೇರೆಯಾ? 2012ರ ಇನ್ನೊಂದು ಅಧ್ಯಯನದವರು ಅಮೆರಿಕದ ವಿಶ್ವವಿದ್ಯಾಲಯಗಳ 127 ಜನ ವಿಜ್ಞಾನ ಅಧ್ಯಾಪಕರಿಗೆ ಪ್ರಯೋಗಾಲಯದ ಮ್ಯಾನೇಜರ್ ಕೆಲಸದ ಒಂದೇ ಅರ್ಜಿಯನ್ನು ಕಳಿಸಿದರು. ಕೆಲವರಿಗೆ ಜಾನ್ ಎಂಬ ಹೆಸರಿನಲ್ಲಿ, ಕೆಲವರಿಗೆ ಜೆನಿಫರ್ ಎಂಬ ಹೆಸರಿನಲ್ಲಿ. ಉಳಿದದ್ದೆಲ್ಲ ಅಕ್ಷರ ಅಕ್ಷರವೂ ಒಂದೇ. ಜಾನ್ ಹೆಚ್ಚು ಸಮರ್ಥ ಅಂದರು. ವರ್ಷಕ್ಕೆ ಸರಾಸರಿ 30,238 ಡಾಲರ್ ಕೊಡಬಹುದು ಅಂದರು. ಜೆನಿಫರ್‌ಗೆ 26,508. ಮಹಿಳಾ ಅಧ್ಯಾಪಕರೂ ಹೀಗೇ ಬೆಲೆ ಕಟ್ಟಿದ್ದರು. ಅಳತೆಯನ್ನೇ ನಂಬಿ ಬದುಕುವ ನಮ್ಮಂಥವರೂ ಮನುಷ್ಯರನ್ನು ಅಳೆಯುವಾಗ ಹಳೆಯ ತಕ್ಕಡಿಯನ್ನೇ ಹಿಡಿಯುತ್ತೇವೆ.

ಕೆಲವು ದಿನ ಬಿಟ್ಟು ಒಂದು ಮಾತು ಕಿವಿಗೆ ಬಿತ್ತು. ಸಂದರ್ಶನದಲ್ಲಿ ನಾನು "ಸ್ವಲ್ಪ ಜೋರಾಗಿ" ಮಾತಾಡಿದೆನಂತೆ. ಅದೇ ಕಚೇರಿಯಲ್ಲಿ ಅದಕ್ಕೂ ಮೊದಲು ನನ್ನ ಬಗ್ಗೆ ಹೇಳುತ್ತಿದ್ದದ್ದು "ಬಹಳ ಮೆತ್ತಗಿನವರು, ಆಡಳಿತ ಆಗಲ್ಲ" ಅಂತ. ಮೆತ್ತಗಿದ್ದರೆ ನಾಯಕಿ ಅಲ್ಲ, ಗಟ್ಟಿಯಾಗಿದ್ದರೆ ಒಳ್ಳೆಯ ಹೆಣ್ಣಲ್ಲ. ಆಲಿಸ್ ಈಗ್ಲಿ ಮತ್ತು ಸ್ಟೀವನ್ ಕರಾವ್ ಎಂಬ ಸಂಶೋಧಕರು 2002ರಲ್ಲಿ ಇದನ್ನೇ ಸಿದ್ಧಾಂತವಾಗಿ ಬರೆದಿದ್ದಾರೆ. ಎಷ್ಟೋ ಹೆಣ್ಣುಮಕ್ಕಳು ಇಲ್ಲಿಗೇ ಸಾಕು ಅಂತ ನಿಲ್ಲುತ್ತಾರೆ. ಹೊರಗಿನಿಂದ ನೋಡುವವರು ಅದನ್ನು ಆಸೆ ಇಲ್ಲದಿರುವುದು ಅಂದುಕೊಳ್ಳುತ್ತಾರೆ. ಆಸೆ ಇದ್ದದ್ದಕ್ಕೆ ತೆತ್ತ ದಂಡ ಅದು.

ನಾನು ಒಂದು ಪತ್ರ ಬರೆದೆ. ಹೊಸ ಮುಖ್ಯಸ್ಥರಿಗೆ, ಅಂದರೆ ನನ್ನ ಗೆಳೆಯರಿಗೇ. ಮುಂದಿನ ಹಂಗಾಮಿನಿಂದ ಫಾರ್ಮ್ ಉಸ್ತುವಾರಿ ನನಗೆ ಕೊಡಿ, ಖರೀದಿ ಸಮಿತಿಯಲ್ಲಿ ಸೇರಿಸಿ, ಸ್ವಾಗತ ಸಮಿತಿಯಿಂದ ಬಿಡಿ, ಮೂರಕ್ಕೂ ಆದೇಶ ಹೊರಡಿಸಿ ಅಂತ. ಅವರು ಪತ್ರ ಓದಿ ತಲೆ ಎತ್ತಿ, "ಇದನ್ನ ಮೊದಲೇ ಯಾರೂ ಯೋಚನೆ ಮಾಡಲಿಲ್ಲ ನೋಡ್ರಿ" ಅಂದರು. ಸಹಿ ಹಾಕಿದರು. ಆ ಸಹಿಗೆ ನಾನು ಇವತ್ತಿಗೂ ಋಣಿ.

ಫಾರ್ಮ್ ಉಸ್ತುವಾರಿ ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಿರಲ್ಲ. ಕೂಲಿಯವರ ಹಾಜರಿ, ಮಸ್ಟರ್ ರೋಲ್, ಟ್ರ್ಯಾಕ್ಟರಿನ ಲಾಗ್ ಬುಕ್, ಡೀಸೆಲ್ ಲೆಕ್ಕ, ಗೊಬ್ಬರದ ದಾಸ್ತಾನು, ಬೀಜದ ಚೀಲಗಳ ತೂಕ, ಉಳಿದ ಫಸಲಿನ ಹರಾಜು, ಆಡಿಟ್‌ನವರ ಪ್ರಶ್ನೆಗಳಿಗೆ ಉತ್ತರ. ಮೊದಲ ಹಂಗಾಮಿನಲ್ಲಿ ಸಂಜೆ ಕಚೇರಿ ಮುಗಿದ ಮೇಲೆ ಕುಳಿತು ಹಳೆಯ ರಿಜಿಸ್ಟರುಗಳನ್ನೆಲ್ಲ ಓದಿದೆ. ಸಂದರ್ಶನದಲ್ಲಿ ಕೇಳಿದ್ದರಲ್ಲ, ರಾತ್ರಿ ನೀರಿನ ಸರದಿ ಅಂತ. ಅದೂ ಬಂತು. ಹಿರಿಯ ಕೂಲಿಯೊಬ್ಬರು ಬಂದು ಹೇಳಿದರು. "ಮೇಡಮ್ಮಾರ, ಸರದಿ ರಾತ್ರಿ ಎರಡಕ್ಕ ಐತ್ರಿ. ನೀವೇನ್ ಬರಬ್ಯಾಡ್ರಿ, ನಾವ ನೋಡ್ಕೋತೀವಿ. ಸಾಹೇಬ್ರೂ ಯಾವತ್ತೂ ಬಂದಿಲ್ರೀ."

ಅಂದರೆ ಆ ಪ್ರಶ್ನೆ ಯಾರೂ ಮಾಡದ ಕೆಲಸದ ಬಗ್ಗೆ ಇತ್ತು. ಆದರೂ ನಾನು ಕೆಲವು ರಾತ್ರಿ ಹೋದೆ. ಯಾವ ತಾಕಿಗೆ ಎಷ್ಟು ಹೊತ್ತು ನೀರು ಹೋಗುತ್ತದೆ ಅಂತ ನೋಡದೆ ಉಪ್ಪಿನ ಲೆಕ್ಕ ಪೂರ್ತಿ ಆಗುವುದಿಲ್ಲ. ಅಲ್ಲಿ ಸಿಕ್ಕ ಮಾಹಿತಿ ನನ್ನ ಸಂಶೋಧನೆಗೇ ಬಳಕೆಯಾಯಿತು. ಕೂಲಿಯವರು ಮಾತು ಕೇಳುತ್ತಾರಾ ಅನ್ನುವ ಪ್ರಶ್ನೆಗೂ ಉತ್ತರ ಸಿಕ್ಕಿತು. ಹಾಜರಿ ಸರಿಯಾಗಿ ಬರೆದು, ಕೂಲಿ ಹೊತ್ತಿಗೆ ಸರಿಯಾಗಿ ಕೊಟ್ಟರೆ ಕೇಳುತ್ತಾರೆ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಕಡೆ ಭತ್ತದ ನಾಟಿಗೆ ಹೆಣ್ಣುಮಕ್ಕಳು ಗುಂಪಾಗಿ ಬರುತ್ತಾರೆ. ಗುಂಪಿಗೆ ಒಬ್ಬಳು ಮುಂದಾಳು ಇರುತ್ತಾಳೆ. ಎಕರೆಗೆ ಇಷ್ಟು ಅಂತ ದರ ಮಾತಾಡುವವಳು ಅವಳು. ಕ್ಯಾಂಪಿನ, ಅಂದರೆ ಆಂಧ್ರದಿಂದ ಬಂದು ನೆಲೆಸಿದವರ ಊರಿನ, ಜಮೀನ್ದಾರರ ಜತೆ ತೆಲುಗಿನಲ್ಲಿ ಮಾತಾಡುತ್ತಾಳೆ, ನಮ್ಮ ಜತೆ ಕನ್ನಡದಲ್ಲಿ. ಟ್ರ್ಯಾಕ್ಟರ್ ಗೊತ್ತು ಮಾಡುತ್ತಾಳೆ, ಯಾರಿಗೆ ಹುಷಾರಿಲ್ಲ ಅಂತ ನೋಡುತ್ತಾಳೆ, ಜಗಳ ಬಿಡಿಸುತ್ತಾಳೆ, ಸಂಜೆ ದುಡ್ಡು ಹಂಚುತ್ತಾಳೆ. ಹೆಣ್ಣಿಗೆ ಇದು ಆಗುತ್ತಾ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಅದೇ ಹೊಲದ ಬದುವಿನ ಮೇಲೆ ಪಿಎಚ್‌ಡಿ ಮಾಡಿದ ಹೆಣ್ಣು ನಿಂತಿದ್ದರೆ ಅವಳ ಬಗ್ಗೆ ಕೇಳುತ್ತಾರೆ. ಕುರ್ಚಿ, ಸಹಿ, ಬಜೆಟ್ ಬಂದಲ್ಲೇ ಅನುಮಾನವೂ ಬರುತ್ತದೆ. ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿ ಹೋಯಿತು. ತುಂಬಿದ್ದ ಜಲಾಶಯದಿಂದ ನೀರು ಹೊಳೆಗೆ ಹರಿಯತೊಡಗಿತು. ಮರುದಿನ ಬೆಳಗಿನಿಂದಲೇ ರೈತರ ಫೋನು. "ನಾಟಿ ಮಾಡಬೇಕೋ ಬ್ಯಾಡೋ ಹೇಳ್ರಿ." ಅವತ್ತು ಮುಖ್ಯಸ್ಥರು ಊರಲ್ಲಿರಲಿಲ್ಲ. ಕೇಂದ್ರದ ತಾಕುಗಳಲ್ಲೂ ನಾಟಿ ಅರ್ಧ ಆಗಿತ್ತು. ನಾಟಿ ಮಾಡಿದ್ದನ್ನು ಉಳಿಸಿಕೊಳ್ಳಿ, ಇನ್ನೂ ಮಾಡದವರು ಗೇಟ್ ಕೆಲಸ ಏನಾಗುತ್ತದೆ ನೋಡಿ ಮುಂದುವರಿಯಿರಿ, ಸಸಿಮಡಿ ಮಾತ್ರ ಒಣಗಲು ಬಿಡಬೇಡಿ ಅಂತ ಹೇಳಿದೆ. ಕೇಂದ್ರದಲ್ಲೂ ಅದನ್ನೇ ಮಾಡಿದೆ. ಸುಮಾರು ಒಂದು ವಾರದಲ್ಲಿ ಆ ಗೇಟಿನ ಜಾಗದಲ್ಲಿ ತಾತ್ಕಾಲಿಕ ಗೇಟ್ ಕೂರಿಸಿದರು. ಮುಂಗಾರು ಬೆಳೆಗೆ ನೀರು ಸಿಕ್ಕಿತು. ಆ ವಾರ ನನಗೆ ಫೋನು ಮಾಡಿದವರಲ್ಲಿ ಯಾರೂ ನನ್ನ ದನಿ ಜೋರಾಯಿತೋ ಮೆತ್ತಗಾಯಿತೋ ಅಂತ ನೋಡಲಿಲ್ಲ.

ಹುದ್ದೆ ಮತ್ತೆ ಖಾಲಿಯಾದಾಗ ಮತ್ತೆ ಅರ್ಜಿ ಹಾಕಿದೆ. ಈ ಸಲ ಆಡಳಿತದ ಪುಟಕ್ಕೆ ಆದೇಶಗಳ ಪ್ರತಿಗಳಿದ್ದವು. ಸಂದರ್ಶನದಲ್ಲಿ ಮಕ್ಕಳ ಪ್ರಶ್ನೆ ಮತ್ತೆ ಬಂತು. "ಮನೆಯಲ್ಲಿ ವ್ಯವಸ್ಥೆ ಇದೆ ಸರ್. ಈಗ ಕೆಳಭಾಗದ ಹಳ್ಳಿಗಳಿಗೆ ನನ್ನ ಯೋಜನೆ ಹೇಳುತ್ತೇನೆ" ಅಂತ ಹೇಳಿ ನಕ್ಷೆ ಬಿಡಿಸಿದೆ. ಮಂಡಳಿಯವರು ಮುಂದೆ ಬಾಗಿ ನೋಡಿದರು. ಅಲ್ಲಿಂದ ಮಾತು ಮಣ್ಣಿನ ಮೇಲೆಯೇ ನಡೆಯಿತು. ಆಯ್ಕೆಯಾದೆ.

ಅಭಿನಂದಿಸಲು ಬಂದವರು ಸಿಎಸ್‌ಐಆರ್‌ನ, ಅಂದರೆ ಕೇಂದ್ರ ಸರ್ಕಾರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ, ಎನ್. ಕಲೈಸೆಲ್ವಿ ಅವರ ಹೆಸರು ಹೇಳಿದರು. 1942ರಲ್ಲಿ ಶುರುವಾದ ಆ ಸಂಸ್ಥೆಗೆ ಅವರು 2022ರಲ್ಲಿ ಮೊದಲ ಮಹಿಳಾ ಮಹಾನಿರ್ದೇಶಕಿಯಾದರು. ದೊಡ್ಡ ಸಂತೋಷದ ವಿಷಯ. ಆದರೆ ನನಗೆ ನೆನಪಾದದ್ದು ಆ ನಡುವಿನ 80 ವರ್ಷ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಮಲಾ ಸೊಹೊನಿ ಅವರಿಗೆ ಹೆಣ್ಣು ಎಂಬ ಕಾರಣಕ್ಕೆ ಮೊದಲು ಪ್ರವೇಶವೇ ಸಿಗಲಿಲ್ಲ. ಆಗ ನಿರ್ದೇಶಕರಾಗಿದ್ದವರು ಸಿ.ವಿ. ರಾಮನ್. ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷೆಯ ಮೇಲೆ ಇರಿಸಿಕೊಂಡರು. ಕೆಲಸ ನೋಡಿ ರಾಮನ್ ಒಪ್ಪಿದರು. ಮುಂದೆ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಪಡೆದ ಕಮಲಾ ಮುಂಬೈಯಲ್ಲಿ ಒಂದು ವಿಜ್ಞಾನ ಸಂಸ್ಥೆಯ ನಿರ್ದೇಶಕಿಯೂ ಆದರು. ಗಂಡು ಹುಡುಗರಿಗೆ ಆ ಪರೀಕ್ಷೆಯ ವರ್ಷ ಇರಲಿಲ್ಲ. ಈಗ ನಿಯಮದಲ್ಲಿ ಅಂಥದ್ದಿಲ್ಲ, ಕೆಲಸ ಹಂಚುವ ರೀತಿಯಲ್ಲಿ ಇದೆ.

ಹಾಗಾಗಿ ಆ ಕುರ್ಚಿಯಲ್ಲಿ ಕುಳಿತು ಮೊದಲು ಮಾಡಿದ್ದು ಒಂದು ಪಟ್ಟಿ. ಕೇಂದ್ರದಲ್ಲಿ ನಡೆಯುವ ಎಲ್ಲ ಕೆಲಸ, ಅಂಕ ಇರುವುದು, ಇಲ್ಲದ್ದು, ಎರಡನ್ನೂ ಬರೆದೆ. ವರ್ಷಕ್ಕೊಮ್ಮೆ ಸರದಿ ಪ್ರಕಾರ ಎಲ್ಲರಿಗೂ ಎರಡೂ ಬಗೆಯ ಕೆಲಸ, ಎಲ್ಲದಕ್ಕೂ ಲಿಖಿತ ಆದೇಶ. ಪ್ರಸ್ತಾವನೆ ಬರೆದವರೇ ಪ್ರಧಾನ ಸಂಶೋಧಕರು. ಬೇಡ ಅನ್ನುವವರು ತಾವೇ ಬರೆದು ಕೊಡಬೇಕು, ಬೇರೆಯವರು ಅವರ ಪರವಾಗಿ ಯೋಚಿಸುವ ಹಾಗಿಲ್ಲ.

ಕಳೆದ ಮೇಳದಲ್ಲಿ ಹಾರ, ಶಾಲು ತಂದದ್ದು ತಳಿ ವಿಭಾಗದ ಇಬ್ಬರು ಯುವಕರು. ನಿರೂಪಣೆಯನ್ನೂ ಅವರಲ್ಲೊಬ್ಬ ಮಾಡಿದ, ಬಹಳ ಚೆನ್ನಾಗಿತ್ತು. ಖರೀದಿ ಸಮಿತಿ ಹೋದ ವರ್ಷ ಸೇರಿದ ಕೀಟ ವಿಜ್ಞಾನದ ಹುಡುಗಿಯ ಪಾಲಿಗೆ ಬಂತು. ಮೊದಲ ಟೆಂಡರ್‌ನಲ್ಲೇ ದರಪಟ್ಟಿಯ ಒಂದು ದೋಷ ಹಿಡಿದಳು. ಒಳಗಿನ ಹಳ್ಳಿಗಳ ಸಣ್ಣ ಹೊಲಗಳಲ್ಲಿ ಪೈಪು ಹೂಳುವ ಕೆಲಸ ಬೇಸಿಗೆಯಲ್ಲಿ ಶುರುವಾಗಿದೆ. ಸರದಿ ಪಟ್ಟಿಯ ವಿರುದ್ಧ ಹಿರಿಯರಿಬ್ಬರು ಮೇಲಿನವರಿಗೆ ಆಕ್ಷೇಪ ಬರೆದಿದ್ದಾರೆ. ಅನುಭವಿಗಳನ್ನು ಸಣ್ಣ ಕೆಲಸಕ್ಕೆ ಹಾಕಿದ್ದಾರೆ ಅಂತ. ನನ್ನಿಂದ ವಿವರಣೆ ಕೇಳಿದ್ದಾರೆ. ಹತ್ತು ವರ್ಷಗಳ ಕೆಲಸ ಹಂಚಿಕೆಯ ಆದೇಶಗಳನ್ನೆಲ್ಲ ಕಡತದಿಂದ ತೆಗೆಸಿ, ಯಾರಿಗೆ ಯಾವುದು ಬಂದಿತ್ತು ಅಂತ ಹೆಸರು ಹಾಕಿ ತಖ್ತೆ ಮಾಡಿಸುತ್ತಿದ್ದೇನೆ. ಈ ವಾರ ಕಳಿಸುತ್ತೇನೆ.